ಸೇವೆ ಮುಗಿದ ಮೇಲಿನ ಬದುಕು: ಸೈನಿಕನ ಮನೆ ಮತ್ತು ಊರಿನ ಹೊಣೆ



ಮಾಜಿ ಸೈನಿಕರೊಬ್ಬರ ನೆನಪಿಗಾಗಿ ಅವರ ಮಕ್ಕಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ಸೈನಿಕರ ಶೌರ್ಯದ ಬಗ್ಗೆ ಮಾತಾಡುವವರು ಬಹಳ ಮಂದಿ ಇದ್ದಾರೆ, ತಾವು ಅವರ ಸಂಸಾರದ ಬಗ್ಗೆ ಮಾತಾಡಬೇಕು ಎಂದು ದತ್ತಿದಾನಿಗಳು ಕೇಳಿಕೊಂಡರು. ಅದಕ್ಕೆ ಸಂತೋಷದಿಂದ ಒಪ್ಪಿದೆ. ಸೈನಿಕನ ಸಂಬಳ, ಪಿಂಚಣಿ, ಸಾಲ, ಹೊಲ, ನಿದ್ದೆ, ಹೆಂಡತಿ ಮಕ್ಕಳೊಂದಿಗಿನ ಮಾತುಕತೆ ಇವೇ ಇವತ್ತಿನ ವಿಷಯ.

ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲಿಗೇ ಹೇಳಿಬಿಡುತ್ತೇನೆ. ಸೈನಿಕನ ಮನೆಗೆ ಸರಕಾರದಿಂದ ಬರಬೇಕಾದ ಹಣ, ಸವಲತ್ತು ಇಂದು ಸಾಕಷ್ಟಿವೆ. ಆದರೆ ಆ ಹಣ ಕೈಗೆ ಬರುವ ವಯಸ್ಸಿನಲ್ಲಿ, ಬರುವ ಹೊತ್ತಿನಲ್ಲಿ, ಅದನ್ನು ಕುರಿತು ಮನೆಯಲ್ಲಿ ಇರಬೇಕಾದ ತಿಳಿವಳಿಕೆ ಇರುವುದಿಲ್ಲ. ಹೆಂಡತಿಗೆ ವಿವರ ಗೊತ್ತಿಲ್ಲದ ಪಿಂಚಣಿ ಅರ್ಧ ಪಿಂಚಣಿ. ಈ ತಿಳಿವಳಿಕೆಯನ್ನು ಮನೆ ಬಾಗಿಲಿಗೆ ಮುಟ್ಟಿಸುವ ಕೆಲಸ ದಿಲ್ಲಿಯಿಂದ ಆಗುವಂಥದ್ದಲ್ಲ, ತಾಲೂಕಿನಲ್ಲಿ ಆಗಬೇಕಾದದ್ದು. ಅದು ನಮ್ಮ ನಿಮ್ಮ ಕೆಲಸ.

1. ವೀರಗಲ್ಲಿನ ಜೊತೆಗಿದ್ದ ಗದ್ದೆ

ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಹೋದವರು ಕಮಲದ ಛತ್ತನ್ನು ನೋಡಿ ಬೆರಗಾಗಿ ಬರುತ್ತಾರೆ. ಅಲ್ಲಿಯ ವೀರಗಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಈ ಊರಿಗೆ ಮುತ್ತಿಗೆ ಹಾಕಿದ. ಅಂಥ ಎಷ್ಟೋ ಕಾಳಗಗಳಲ್ಲಿ ಬಿದ್ದವರ ನೆನಪಿಗೆ ನಮ್ಮ ಸೀಮೆಯ ಊರೂರಲ್ಲಿ ಕಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ.

ಕಲ್ಲನ್ನು ನಾವು ನೋಡುತ್ತೇವೆ. ಆದರೆ ಕಲ್ಲಿನ ಜೊತೆಗೆ ಬಿಟ್ಟ ಭೂಮಿಯನ್ನು ಮರೆಯುತ್ತೇವೆ. ಮಡಿದ ವೀರನ ಮನೆಯವರಿಗೆ ಭೂಮಿ ಕೊಡುವ ಪದ್ಧತಿ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಇತ್ತು. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಳ್ಚು ಎಂದು ಶಾಸನಗಳು ಇದನ್ನು ದಾಖಲಿಸಿವೆ. ಬೆಂಗಳೂರಿನ ಹತ್ತಿರದ ಬೇಗೂರಿನ ಶಾಸನ ಪ್ರಸಿದ್ಧವಾದದ್ದು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಮಡಿದ ಮೇಲೆ ಗಂಗ ದೊರೆ ಎರೆಯಪ್ಪ ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಇರುಗನೆಂಬವನಿಗೆ ಕಲ್ನಾಡಾಗಿ ಕೊಟ್ಟದ್ದನ್ನು ಅದು ಹೇಳುತ್ತದೆ. ಇಂಥ ದಾನವನ್ನು ಊರು ಕಾಣುವಂತೆ ಕಲ್ಲಿನಲ್ಲಿ ಬರೆಸುತ್ತಿದ್ದರು, ಕಸಿದವನಿಗೆ ಶಾಪವನ್ನೂ ಬರೆಸುತ್ತಿದ್ದರು. ಆ ಮನೆಗೆ ಸೇರಬೇಕಾದದ್ದು ಏನು, ಎಷ್ಟು ಎಂಬುದು ಊರಿಗೆಲ್ಲ ಗೊತ್ತಿತ್ತು. ಕಾಯುವ ಹೊಣೆಯೂ ಊರಿನದೇ ಆಗಿತ್ತು.

ಇವತ್ತು ಆ ಲೆಕ್ಕ ಪ್ರಯಾಗರಾಜದಲ್ಲಿರುವ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿಯಲ್ಲಿದೆ, ಸ್ಪರ್ಶ್ ಎಂಬ ಜಾಲತಾಣದಲ್ಲಿ ಒಂದು ಪಾಸ್‌ವರ್ಡಿನ ಹಿಂದೆ ಇದೆ. ವ್ಯವಸ್ಥೆ ಶಿಸ್ತಿನದು, ತಿಂಗಳು ತಿಂಗಳು ಹಣ ಜಮೆಯಾಗುತ್ತದೆ. ಆದರೆ ಊರಿಗೆ ಏನೂ ಗೊತ್ತಿಲ್ಲ, ಎಷ್ಟೋ ಸಲ ಮನೆಗೂ ಗೊತ್ತಿಲ್ಲ.

ಸೈನಿಕರ ಕಲ್ಯಾಣಕ್ಕೆ ಸಂಸ್ಥೆಗಳು ಇಲ್ಲವೆಂದಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಹುಟ್ಟಿದ ಸೈನಿಕ ಮಂಡಳಿಯೇ ಇಂದಿನ ಕೇಂದ್ರೀಯ ಸೈನಿಕ ಮಂಡಳಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಆಚರಿಸಿ ನಿಧಿ ಸಂಗ್ರಹಿಸುತ್ತಾರೆ. ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದದ್ದು ಎಲ್ಲರಿಗೂ ಗೊತ್ತು. ನಿವೃತ್ತಿಯ ನಂತರ ಅವರು ಮಾಜಿ ಸೈನಿಕರ ಸಂಘಟನೆಗೆ ಕೈಹಾಕಿ, 1964ರಲ್ಲಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಕಟ್ಟಲು ಮುಂದಾಳಾಗಿ ನಿಂತದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸಮವಸ್ತ್ರ ಬಿಚ್ಚಿಟ್ಟ ಮೇಲೂ ಸಿಪಾಯಿಯ ಜೊತೆ ನಿಲ್ಲಬೇಕು ಎಂಬುದನ್ನು ಅವರು ತಮ್ಮ ನಡೆಯಿಂದ ತೋರಿಸಿದರು.

2. ಮೂವತ್ತೆಂಟಕ್ಕೆ ಪಿಂಚಣಿ

ಶಾಲಾ ಮಾಸ್ತರರು, ತಲಾಠಿಗಳು, ಬ್ಯಾಂಕಿನವರು ಅರವತ್ತಕ್ಕೆ ನಿವೃತ್ತರಾಗುತ್ತಾರೆ. ಆ ಹೊತ್ತಿಗೆ ಮನೆ ಕಟ್ಟಿಸಿರುತ್ತಾರೆ, ಮಕ್ಕಳು ದುಡಿಯುತ್ತಿರುತ್ತಾರೆ. ಸಿಪಾಯಿಯ ಲೆಕ್ಕ ಬೇರೆ. ಹತ್ತೊಂಬತ್ತಕ್ಕೆ ಭರ್ತಿಯಾದವನು ಹದಿನೇಳು ಹದಿನೆಂಟು ವರ್ಷ ಸೇವೆ ಮಾಡಿ ಮೂವತ್ತೆಂಟರ ಆಸುಪಾಸಿನಲ್ಲಿ ಊರಿಗೆ ಬರುತ್ತಾನೆ. ಸಿಪಾಯಿ ದರ್ಜೆಯವರಿಗೆ ಪಿಂಚಣಿಗೆ ಬೇಕಾದ ಕನಿಷ್ಠ ಸೇವೆ 15 ವರ್ಷ. ಬರುವಾಗ ಅವನ ಮಗಳು ಆರನೆಯ ಇಯತ್ತೆಯಲ್ಲಿ ಓದುತ್ತಿರುತ್ತಾಳೆ, ತಂದೆ ತಾಯಿಗೆ ಆಸ್ಪತ್ರೆಯ ಖರ್ಚು ಶುರುವಾಗಿರುತ್ತದೆ, ತಮ್ಮನ ಮದುವೆ ಬಾಕಿ ಇರುತ್ತದೆ. ಸಂಸಾರದ ಭಾರ ಏರುವ ವಯಸ್ಸಿನಲ್ಲೇ ಸಂಬಳ ನಿಂತು ಆದಾಯ ಅರ್ಧಕ್ಕಿಳಿಯುತ್ತದೆ.

ಅದೇ ಹೊತ್ತಿಗೆ, ಜೀವನದಲ್ಲಿ ಮೊದಲ ಸಲ, ಅವನ ಖಾತೆಗೆ ದೊಡ್ಡ ಮೊತ್ತ ಬಂದು ಬೀಳುತ್ತದೆ. ಗ್ರ್ಯಾಚುಯಿಟಿ, ಭವಿಷ್ಯ ನಿಧಿ, ಗುಂಪು ವಿಮೆಯ ಹಣ, ಪಿಂಚಣಿ ಪರಿವರ್ತನೆಯ ಹಣ ಎಲ್ಲ ಕೂಡಿ. ಇದರಲ್ಲಿ ಪರಿವರ್ತನೆಯ ಲೆಕ್ಕ ಬಹಳ ಮಂದಿಗೆ ಸ್ಪಷ್ಟವಾಗಿಲ್ಲ. ನಾಯಕ್ ದರ್ಜೆಯ ಒಬ್ಬನ ಮೂಲ ಪಿಂಚಣಿ ತಿಂಗಳಿಗೆ 20,000 ಎಂದು ಇಟ್ಟುಕೊಳ್ಳಿ. ನಿಯಮದಂತೆ ಅರ್ಧದವರೆಗೆ ಪರಿವರ್ತಿಸಬಹುದು. 10,000 ರೂಪಾಯಿ ಪರಿವರ್ತಿಸಿದರೆ ಆ ವಯಸ್ಸಿಗೆ ಸುಮಾರು 10 ಲಕ್ಷ 90 ಸಾವಿರ ಒಟ್ಟಿಗೆ ಸಿಗುತ್ತದೆ. ಮುಂದಿನ 15 ವರ್ಷ ತಿಂಗಳಿಗೆ 10,000 ಕಡಿತವಾಗುತ್ತದೆ, ಅಂದರೆ ಒಟ್ಟು 18 ಲಕ್ಷ. ಹದಿನೈದು ವರ್ಷದ ನಂತರ ಪೂರ್ಣ ಪಿಂಚಣಿ ಮರಳುತ್ತದೆ. ತುಟ್ಟಿಭತ್ಯೆ ಮಾತ್ರ ಈ ಅವಧಿಯಲ್ಲೂ ಪೂರ್ಣ ಪಿಂಚಣಿಯ ಮೇಲೆಯೇ ಬರುತ್ತದೆ. ಪರಿವರ್ತನೆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಸೋರುವ ಮನೆಗೆ ಸ್ಲ್ಯಾಬ್ ಹಾಕಿಸಲು, ಬಡ್ಡಿಸಾಲ ತೀರಿಸಲು, ಮಗಳನ್ನು ಓದಿಸಲು ಆ ಹಣ ಬೇಕೇ ಬೇಕು. ಆದರೆ ಅದು ಬಕ್ಷೀಸು ಎಂದು ತಿಳಿದು ಖರ್ಚು ಮಾಡುವವನು, ಮುಂದಿನ ಹದಿನೈದು ವರ್ಷದ ತನ್ನದೇ ಅನ್ನವನ್ನು ಮುಂಗಡ ತಂದಿದ್ದೇನೆ ಎಂಬುದನ್ನು ತಿಳಿದಿರಬೇಕು.

ಒಂದು ಶ್ರೇಣಿ ಒಂದು ಪಿಂಚಣಿ 2014ರ ಜುಲೈ 1ರಿಂದ ಜಾರಿಗೆ ಬಂದು, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತಿರುವುದರಿಂದ ಹಳೆಯ ಪಿಂಚಣಿದಾರರಿಗೆ ಅನುಕೂಲವಾಗಿದೆ. ತಮ್ಮ ಶ್ರೇಣಿಗೆ, ಸೇವಾವಧಿಗೆ ಪರಿಷ್ಕೃತ ಪಿಂಚಣಿ ಎಷ್ಟು ಎಂಬುದನ್ನು ಕೋಷ್ಟಕದಲ್ಲಿ ನೋಡಿ, ಪಾಸ್‌ಬುಕ್ಕಿನ ಮೊತ್ತಕ್ಕೆ ತಾಳೆ ಹಾಕಿಕೊಳ್ಳುವ ಅಭ್ಯಾಸ ಎಲ್ಲರಿಗೂ ಬರಬೇಕು.

3. ಅಗ್ನಿವೀರರ ಹನ್ನೊಂದು ಲಕ್ಷ

ಇನ್ನು ಮುಂದೆ ಊರಿಗೆ ಬರುವವರಲ್ಲಿ ಬಹಳಷ್ಟು ಮಂದಿಗೆ ಈ ಪಿಂಚಣಿಯೂ ಇರುವುದಿಲ್ಲ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಾವೇರಿಯಲ್ಲಿ ಭರ್ತಿ ರ್‍ಯಾಲಿ ನಡೆದಾಗ ನಸುಕಿನಲ್ಲೇ ಸಾಲು ನಿಂತಿದ್ದ ಹುಡುಗರಲ್ಲಿ ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕಿನವರಿದ್ದರು. ನಾಲ್ಕು ವರ್ಷದ ಸೇವೆ, ಬಳಿಕ ಗರಿಷ್ಠ ನೂರಕ್ಕೆ 25 ಮಂದಿ ಕಾಯಂ. ಉಳಿದವರು ಇಪ್ಪತ್ತೆರಡು, ಇಪ್ಪತ್ತೈದರ ವಯಸ್ಸಿನಲ್ಲಿ ಮನೆಗೆ ಬರುತ್ತಾರೆ. ಮೊದಲ ತಂಡದ ಅವಧಿ 2026ರ ಕೊನೆ, 2027ರ ಮೊದಲ ಭಾಗದ ಹೊತ್ತಿಗೆ ಮುಗಿಯುವ ಲೆಕ್ಕ.

ಮೊದಲ ವರ್ಷ ಅಗ್ನಿವೀರನ ಸಂಬಳ 30,000. ಅದರಲ್ಲಿ ನೂರಕ್ಕೆ 30ರಂತೆ 9,000 ಸೇವಾ ನಿಧಿಗೆ ಹೋಗಿ 21,000 ಕೈಗೆ ಬರುತ್ತದೆ. ನಾಲ್ಕನೆಯ ವರ್ಷ ಸಂಬಳ 40,000, ನಿಧಿಗೆ 12,000. ಹೀಗೆ ನಾಲ್ಕು ವರ್ಷದಲ್ಲಿ ಅವನ ಪಾಲು 5 ಲಕ್ಷ 2 ಸಾವಿರ, ಸರಕಾರದ ಪಾಲು ಅಷ್ಟೇ, ಬಡ್ಡಿ ಸೇರಿ ಸುಮಾರು 11 ಲಕ್ಷ 71 ಸಾವಿರ. ಇದಕ್ಕೆ ಆದಾಯ ತೆರಿಗೆ ಇಲ್ಲ. ಸೇವೆಯಲ್ಲಿರುವಾಗ 48 ಲಕ್ಷದ ಜೀವ ವಿಮೆ ಇದೆ. ಆದರೆ ಕಾಯಂ ಆಗದೆ ಹೊರಬಂದವನಿಗೆ ಗ್ರ್ಯಾಚುಯಿಟಿ ಇಲ್ಲ, ಪಿಂಚಣಿ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನಮಾನ ಇಲ್ಲ, ಇ.ಸಿ.ಎಚ್.ಎಸ್. ಆಸ್ಪತ್ರೆ ಸೌಲಭ್ಯ, ಕ್ಯಾಂಟೀನ್ ಸೌಲಭ್ಯ ಎರಡೂ ಇಲ್ಲ.

ಈ ಮೊತ್ತವನ್ನು ಸರಿಯಾಗಿ ಅಳೆದು ನೋಡೋಣ. ಅದರಲ್ಲಿ 10 ಲಕ್ಷವನ್ನು ನೂರಕ್ಕೆ ಏಳೂವರೆ ಬಡ್ಡಿಯಲ್ಲಿ ಇಟ್ಟರೆ ವರ್ಷಕ್ಕೆ 75,000, ತಿಂಗಳಿಗೆ 6,250 ರೂಪಾಯಿ. ಅಷ್ಟರಲ್ಲಿ ಸಂಸಾರ ನಡೆಯುವುದಿಲ್ಲ. ಸೇವಾ ನಿಧಿ ಜೀವನೋಪಾಯವಾಗಲಾರದು, ಜೀವನೋಪಾಯ ಕಟ್ಟಿಕೊಳ್ಳುವುದಕ್ಕೆ ಬಂಡವಾಳವಾಗಬಹುದು. ಇಷ್ಟು ತಿಳಿದರೆ ಹುಡುಗನ ಅರ್ಧ ಬದುಕು ಉಳಿದ ಹಾಗೆ. ತಿಳಿಯದಿದ್ದರೆ ಆ ಹಣ ಒಂದು ಕಾರಿಗೆ, ಅಕ್ಕನ ಮದುವೆಗೆ, ಗೆಳೆಯನ ಕೈಸಾಲಕ್ಕೆ ಒಂದೂವರೆ ವರ್ಷದಲ್ಲಿ ಕರಗುತ್ತದೆ.

ಬಂಡವಾಳವನ್ನು ಎಲ್ಲಿ ಹೂಡಬೇಕು ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಅಮೆರಿಕ ತನ್ನ ಸೈನಿಕರಿಗಾಗಿ ಒಂದು ಕಾಯಿದೆ ಮಾಡಿತು. ಜಿ.ಐ. ಬಿಲ್ ಎಂದು ಅದಕ್ಕೆ ಹೆಸರು. ಮರಳಿ ಬಂದವರ ಕಾಲೇಜು ಶುಲ್ಕ, ಕಸುಬಿನ ತರಬೇತಿ, ಮನೆಸಾಲ ಇವಕ್ಕೆ ಅದು ಆಧಾರವಾಯಿತು. 1956ರ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಅದರಿಂದ ಓದಿದರು, ಕಸುಬು ಕಲಿತರು. ಹಣಕ್ಕಿಂತ ಕಲಿಕೆಯ ಮೇಲೆ ಹೂಡಿದ್ದು ಹೆಚ್ಚು ಫಲ ಕೊಟ್ಟಿತು. ನಮ್ಮಲ್ಲೂ ಅಗ್ನಿವೀರರಿಗೆ ಇಗ್ನೋ ವಿಶ್ವವಿದ್ಯಾಲಯದ ಪದವಿ ವ್ಯವಸ್ಥೆ ಇದೆ. ಸೇನೆಯ ತರಬೇತಿಗೇ ಪದವಿಯ ಅರ್ಧ ಕ್ರೆಡಿಟ್ ಸಿಗುತ್ತದೆ. ಎಸ್.ಎಸ್.ಎಲ್.ಸಿ. ಮುಗಿಸಿ ಸೇರಿದವರು ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಪಡೆಯುವ ದಾರಿಯೂ ಇದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿಯಲ್ಲಿ ಅವರಿಗೆ ಮೀಸಲಾತಿ ಇದೆ. ಇದನ್ನೆಲ್ಲ ಸೇವೆಯಲ್ಲಿರುವಾಗಲೇ ಹಿಡಿಯಬೇಕು. ನಮ್ಮ ಪ್ರೌಢಶಾಲೆಯ ಮಾಸ್ತರರು ತಮ್ಮ ಹಳೆಯ ವಿದ್ಯಾರ್ಥಿ ರಜೆಗೆ ಬಂದಾಗ ಒಂದು ಪ್ರಶ್ನೆ ಕೇಳಲಿ: "ತಮ್ಮಾ, ಡಿಗ್ರೀಗೆ ಹೆಸರು ಹಚ್ಚೀಯಿಲ್ಲೋ?"

4. ಕರಿ ಟ್ರಂಕಿನ ಕಾಗದಗಳು

ಸೈನಿಕನ ಮನೆಯಲ್ಲಿ ಕರಿ ಬಣ್ಣದ ಕಬ್ಬಿಣದ ಟ್ರಂಕ್ ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು, ಯುನಿಟ್ಟು. ಮನೆಯ ಭವಿಷ್ಯ ಅದರೊಳಗಿರುತ್ತದೆ: ಡಿಸ್ಚಾರ್ಜ್ ಬುಕ್, ಪಿ.ಪಿ.ಒ. ಎಂಬ ಪಿಂಚಣಿ ಆದೇಶ ಪತ್ರ, ಜೋಡಿ ಫೋಟೋ, ಇ.ಸಿ.ಎಚ್.ಎಸ್. ಕಾರ್ಡು, ವಿಮೆಯ ಕಾಗದ, ಬ್ಯಾಂಕ್ ಪಾಸ್‌ಬುಕ್ಕು. ಅನೇಕ ಮನೆಗಳಲ್ಲಿ ಅದರ ಕೀಲಿ ಗಂಡನ ಉಡಿದಾರದಲ್ಲಿರುತ್ತದೆ.

ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಕಂಡ ತಾಯಿಯೊಬ್ಬರ ವಿಷಯ ಹೇಳುತ್ತೇನೆ. ಗಂಡ ಹವಾಲ್ದಾರರಾಗಿ ನಿವೃತ್ತರಾಗಿ ಊರಿನಲ್ಲೇ ತೀರಿಕೊಂಡರು. ಅವರ ಪಿಂಚಣಿ ನಿಂತಿತು, ಕುಟುಂಬ ಪಿಂಚಣಿ ಶುರುವಾಗಲಿಲ್ಲ. ಕಾರಣ ಹೆಸರು. ನಮ್ಮ ಕಡೆ ಹಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುತ್ತಾರೆ. ಸೇನೆಯ ದಾಖಲೆಯಲ್ಲಿ ಗಂಡನ ಮನೆಯ ಹೆಸರಿತ್ತು, ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರ್ ಕಾರ್ಡಿನಲ್ಲಿ ತವರಿನ ಹೆಸರೇ ಬೇರೆ ಕಾಗುಣಿತದಲ್ಲಿ. "ಇಬ್ರೂ ನಾನ ಅದೀನ್ರೀ, ಯಾರಿಗೆ ಹೇಳ್ಲಿ?" ಎಂದು ಅವರು ಕೇಳಿದರು. ಮೈದುನ ಎರಡು ವರ್ಷ ಓಡಾಡಿ ಅಫಿಡವಿಟ್, ಗೆಜೆಟ್ ಪ್ರಕಟಣೆ ಎಲ್ಲ ಮಾಡಿಸಿದ ಮೇಲೆ ಹಣ ಬಂತು. ಆ ಎರಡು ವರ್ಷ ಅವರು ಕೂಲಿಗೆ ಹೋದರು. ಗಂಡ ಬದುಕಿದ್ದಾಗಲೇ ಹೆಸರು ತಿದ್ದಿಸಿದ್ದರೆ ಈ ಅಲೆದಾಟವೇ ಇರುತ್ತಿರಲಿಲ್ಲ.

ಆದ್ದರಿಂದ ಸೇವೆಯಲ್ಲಿರುವ ಪ್ರತಿಯೊಬ್ಬ ಸಿಪಾಯಿಗೂ ನನ್ನ ಕಳಕಳಿಯ ಮಾತು ಇದು. ಮದುವೆಯಾದ ಕೂಡಲೇ, ಮಗು ಹುಟ್ಟಿದ ಕೂಡಲೇ ಅದನ್ನು ಸೇನೆಯ ದಾಖಲೆಗೆ ಸೇರಿಸುವ ಪಾರ್ಟ್ ಟು ಆರ್ಡರ್ ಮಾಡಿಸಿ. ಅದರಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಇರಲಿ, ಒಂದು ಅಕ್ಷರವೂ ಹೆಚ್ಚು ಕಡಿಮೆ ಆಗದಿರಲಿ. ನಿವೃತ್ತರಾದವರು ಸ್ಪರ್ಶ್ ಖಾತೆ ತೆರೆದು ಕುಟುಂಬದ ವಿವರ ಪರೀಕ್ಷಿಸಿ, ತಪ್ಪಿದ್ದರೆ ಇಂದೇ ಅರ್ಜಿ ಹಾಕಿ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು ಅಂಚೆ ಪೇಮೆಂಟ್ಸ್ ಬ್ಯಾಂಕಿನವರು ಸಣ್ಣ ಶುಲ್ಕಕ್ಕೆ ಮನೆಗೇ ಬಂದು ಮಾಡಿಕೊಡುತ್ತಾರೆ. ಪೋಸ್ಟ್‌ಮನ್ನರನ್ನು ಕೇಳಿದರೆ ಸಾಕು.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಠಾಣೆಯಲ್ಲಿದ್ದ 10 ಮಂದಿ ಹುದುಗಿಹೋದರು. ಆರನೆಯ ದಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿರುವುದು ಗೊತ್ತಾದಾಗ ಇಡೀ ದೇಶ ಕೈಮುಗಿಯಿತು. ಫೆಬ್ರುವರಿ 11ರಂದು ಅವರು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರ ಊರು ಬೆಟದೂರು, ನಮ್ಮ ಶಿಗ್ಗಾಂವಿಗೆ ನೆರೆಯ ಕುಂದಗೋಳ ತಾಲೂಕು. ಇಂಥ ಸಾವು ಆದಾಗ ಮಂತ್ರಿಗಳು, ಅಧಿಕಾರಿಗಳು ಬಾಗಿಲಿಗೆ ಬರುತ್ತಾರೆ. ಸಕ್ಕರೆ ಕಾಯಿಲೆಯಿಂದಲೋ ರಸ್ತೆ ಅಪಘಾತದಿಂದಲೋ ಊರಲ್ಲಿ ತೀರಿಕೊಂಡ ಮಾಜಿ ಸೈನಿಕನ ಮನೆಗೆ ಯಾರೂ ಬರುವುದಿಲ್ಲ. ಆ ಮನೆಯಾಕೆಗೂ ಹಕ್ಕುಗಳಿವೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ಸಂಬಳದ ನೂರಕ್ಕೆ 30, ಸೇವೆಯ ಕಾರಣದಿಂದ ಸಾವಾದರೆ ನೂರಕ್ಕೆ 60, ಯುದ್ಧ ಕಾರ್ಯಾಚರಣೆಯಲ್ಲಿ ಮಡಿದರೆ ಕೊನೆಯ ಸಂಬಳದಷ್ಟೇ. ಕೇಂದ್ರೀಯ ಸೈನಿಕ ಮಂಡಳಿಯ ನೆರವು 2025ರ ನವೆಂಬರಿನಿಂದ ಇಮ್ಮಡಿಯಾಗಿದೆ. ಪಿಂಚಣಿಯಿಲ್ಲದ 65 ದಾಟಿದ ಬಡ ಮಾಜಿ ಸೈನಿಕರಿಗೆ, ವಿಧವೆಯರಿಗೆ ತಿಂಗಳಿಗೆ 8,000. ಹವಾಲ್ದಾರ್ ದರ್ಜೆಯವರೆಗಿನವರ ಇಬ್ಬರು ಮಕ್ಕಳ ಓದಿಗೆ ತಿಂಗಳಿಗೆ ತಲಾ 2,000, ಮಗಳ ಮದುವೆಗೆ ಒಂದು ಲಕ್ಷ. ಪ್ರಧಾನ ಮಂತ್ರಿ ವಿದ್ಯಾರ್ಥಿವೇತನದಲ್ಲಿ ವೃತ್ತಿಶಿಕ್ಷಣ ಓದುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500. ಇವು ಯಾವುವೂ ಅರ್ಜಿ ಹಾಕದೆ ಬರುವುದಿಲ್ಲ.

5. ಹಣ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು

ನಮ್ಮಲ್ಲಿ ಸೈನಿಕ ನಿವೃತ್ತನಾಗಿ ಬಂದಾಗ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುತ್ತಾರೆ. ಹಾರ, ಡೊಳ್ಳು, ಝಾಂಜ್, ಶಾಲೆಯ ಮಕ್ಕಳ ಜಯಘೋಷ. ಬಹಳ ಒಳ್ಳೆಯ ಪದ್ಧತಿ, ಅದು ಇರಲಿ. ಆದರೆ ಅವನ ಕೈಗೆ ಹಣ ಬಂದಿದೆ ಎಂಬುದು ಅದೇ ದಿನ ಊರಿಗೆಲ್ಲ ಗೊತ್ತಾಗುತ್ತದೆ. ಮರುದಿನದಿಂದ ಮನೆಗೆ ಬರುವವರು ಮೂರು ಬಗೆ.

ಮೊದಲನೆಯವರು ಹೆಚ್ಚಿನ ಬಡ್ಡಿಯ ಆಸೆ ತೋರಿಸುವವರು. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ, ಅದು ಸಹಕಾರಿ ಬ್ಯಾಂಕ್ ಆಗಿದ್ದರೂ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. 2020ರಿಂದ ಈ ಮಿತಿ ಜಾರಿಯಲ್ಲಿದೆ. ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಇಟ್ಟ ಹಣಕ್ಕೆ ಈ ರಕ್ಷಣೆ ಇಲ್ಲ. ಸಂಘಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಬಹಳ ಇವೆ, ನಮ್ಮ ರೈತರನ್ನು ಅವು ಸಾಕಿವೆ. ಆದರೂ ಜೀವಮಾನದ ಗಂಟನ್ನು ರಕ್ಷಣೆ ಇಲ್ಲದ ಕಡೆ ಇಡಬಾರದು. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸಾಮಾನ್ಯರಿಗೆ 60 ವರ್ಷವಾಗಬೇಕು, ನಿವೃತ್ತ ಸೈನಿಕರಿಗೆ 50 ಆಗಿದ್ದರೆ ಸಾಕು. ಅಂಚೆ ಕಚೇರಿಯಲ್ಲಿ 30 ಲಕ್ಷದವರೆಗೆ ಇಡಬಹುದು. ಇನ್ನೂ ಐವತ್ತಾಗದವರಿಗೆ ಅಂಚೆಯ ಮಾಸಿಕ ಆದಾಯ ಯೋಜನೆ ಇದೆ, ಒಬ್ಬರ ಹೆಸರಿನಲ್ಲಿ 9 ಲಕ್ಷ, ಗಂಡ ಹೆಂಡತಿ ಜಂಟಿಯಾಗಿ 15 ಲಕ್ಷ.

ಎರಡನೆಯವರು ಸೈಟು ಮಾರುವವರು. ಶಿಗ್ಗಾಂವಿಯ ಹೆದ್ದಾರಿಯ ಬದಿಗೆ ಭೂಮಿಯ ಬೆಲೆ ಏರುತ್ತಿದೆ. ಹೊಲವನ್ನು ಗುಂಟೆ ಗುಂಟೆ ತುಂಡು ಮಾಡಿ ಮಾರುತ್ತಾರೆ. ಎನ್.ಎ., ಅಂದರೆ ಕೃಷಿಯೇತರ ಪರಿವರ್ತನೆ ಆಗಿದೆಯೇ, ಬಡಾವಣೆ ನಕ್ಷೆಗೆ ಮಂಜೂರಾತಿ ಇದೆಯೇ, ಪಂಚಾಯತಿಯಲ್ಲಿ ಇ-ಸ್ವತ್ತಿನ ಫಾರಂ 9 ಮತ್ತು 11 ಸಿಗುತ್ತದೆಯೇ, ಋಣಭಾರ ಪತ್ರ ಏನು ಹೇಳುತ್ತದೆ, ಇಷ್ಟನ್ನು ನೋಡದೆ ಮುಂಗಡ ಕೊಡಬಾರದು. ಹೊಲ ಕೊಂಡರೆ ಬೋರ್‌ವೆಲ್‌ಗೆ ಮಿತಿ ಹಾಕಿಕೊಳ್ಳಿ. ಒಂದು ಬತ್ತಿತೆಂದು ಇನ್ನೊಂದು, ಅದೂ ಬತ್ತಿತೆಂದು ಮತ್ತೊಂದು ಕೊರೆಸಿ ಗ್ರ್ಯಾಚುಯಿಟಿಯನ್ನೆಲ್ಲ ನೆಲದೊಳಗೆ ಇಳಿಸಿದ ಮನೆಗಳು ಸವಣೂರು, ಹಿರೇಕೆರೂರಿನ ಒಣ ಬೇಸಾಯದ ಹಳ್ಳಿಗಳಲ್ಲಿವೆ.

ಮೂರನೆಯವರು ಮನೆಯೊಳಗಿನವರೇ, ಆದ್ದರಿಂದ ಹೇಳುವುದು ಕಷ್ಟ. ಹದಿನೇಳು ವರ್ಷ ತಿಂಗಳು ತಿಂಗಳು ಹಣ ಕಳಿಸಿದ ಮಗ. ಆ ಹಣದಲ್ಲಿ ತಂದೆ ನಾಲ್ಕು ಎಕರೆ ಖರೀದಿ ಮಾಡಿದರು, ಉತಾರ ತಂದೆಯ ಹೆಸರಿನಲ್ಲೇ ಆಯಿತು. ತಂದೆಯ ನಂತರ ಪಾಲಿಗೆ ಕುಳಿತಾಗ ಅಣ್ಣ ತಮ್ಮಂದಿರೆಲ್ಲ ಸಮ ಪಾಲು ಕೇಳಿದರು. ಹಣ ಕಳಿಸಿದ್ದಕ್ಕೆ ಮನಿಯಾರ್ಡರ್ ರಸೀದಿ ಯಾರ ಬಳಿಯೂ ಉಳಿದಿಲ್ಲ. ಕೋರ್ಟು, ಕಚೇರಿ, ಅಣ್ಣ ತಮ್ಮಂದಿರ ನಡುವೆ ಮಾತು ಬಂದ್. ತಂದೆ ತಾಯಿಗೆ ಕೊಡುವುದು ಮಗನ ಧರ್ಮ, ಧಾರಾಳವಾಗಿ ಕೊಡಲಿ. ಆದರೆ ತನ್ನ ದುಡಿಮೆಯಲ್ಲಿ ಕೊಳ್ಳುವ ಆಸ್ತಿಯನ್ನು ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ ಕೊಳ್ಳಲಿ. ಅದರಿಂದ ಪ್ರೀತಿ ಕಡಿಮೆಯಾಗುವುದಿಲ್ಲ, ಮುಂದಿನ ಜಗಳ ತಪ್ಪುತ್ತದೆ.

ಈಗೀಗ ಫೋನಿನಲ್ಲಿ ಬರುವ ವಂಚಕರೂ ಇದ್ದಾರೆ. "ಸ್ಪರ್ಶ್ ಕಚೇರಿಯಿಂದ ಮಾತಾಡುತ್ತಿದ್ದೇವೆ, ಪಿಂಚಣಿ ನಿಲ್ಲುತ್ತದೆ, ಒ.ಟಿ.ಪಿ. ಹೇಳಿ" ಎನ್ನುತ್ತಾರೆ. ಯಾವ ಕಚೇರಿಯೂ ಒ.ಟಿ.ಪಿ. ಕೇಳುವುದಿಲ್ಲ. ಹಣ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ತಾಸು ಬಹಳ ಮುಖ್ಯ.

6. ಮನಸ್ಸಿನ ಮಾತು

ಹಣದ ವಿಷಯ ಹೇಳಿದಷ್ಟು ಸುಲಭವಾಗಿ ಮನಸ್ಸಿನ ವಿಷಯ ಹೇಳಲಾಗುವುದಿಲ್ಲ. ಸೇನೆಯಲ್ಲಿ ಬೆಳಗಿನ ಪಿ.ಟಿ.ಯಿಂದ ರಾತ್ರಿಯ ರೋಲ್‌ಕಾಲ್‌ವರೆಗೆ ದಿನಕ್ಕೆ ಒಂದು ಚೌಕಟ್ಟಿದೆ. ಪಕ್ಕದಲ್ಲಿ ಜೀವಕ್ಕೆ ಜೀವ ಕೊಡುವ ಜೊತೆಗಾರರಿರುತ್ತಾರೆ. ಊರಿಗೆ ಬಂದ ಮೇಲೆ ಆ ಚೌಕಟ್ಟು ಇಲ್ಲ, ಆ ಜೊತೆಗಾರರೂ ಇಲ್ಲ. ಇಷ್ಟು ವರ್ಷ ಹೊಲ, ಮಕ್ಕಳ ಶಾಲೆ, ಸಂಘದ ಸಾಲ ಎಲ್ಲವನ್ನೂ ಹೆಂಡತಿ ಒಬ್ಬಳೇ ನಡೆಸಿದ್ದಾಳೆ. ಗಂಡ ಬಂದು ಮೊದಲ ವಾರದಲ್ಲೇ ಹುಕುಂ ಮಾಡತೊಡಗಿದರೆ ಆಕೆಗೆ ನೋವಾಗುತ್ತದೆ. ರಜೆಗೆ ಬಂದಾಗ ಓಡಿಬಂದು ಅಪ್ಪಿಕೊಳ್ಳುತ್ತಿದ್ದ ಮಗ ಈಗ ಅಪ್ಪನ ಎದುರಿಗೆ ಬರುವುದಿಲ್ಲ. ಇದು ಯಾರೊಬ್ಬರ ತಪ್ಪೂ ಅಲ್ಲ. ದೂರ ಇದ್ದವರು ಹತ್ತಿರವಾಗಲು ಕಾಲ ಬೇಕು ಎಂಬುದನ್ನು ಇಬ್ಬರಿಗೂ ಯಾರಾದರೂ ಹಿರಿಯರು ಹೇಳಬೇಕು.

ಗಡಿಯಲ್ಲಿ ಕಂಡದ್ದು ಕೆಲವರನ್ನು ರಾತ್ರಿ ಮಲಗಗೊಡುವುದಿಲ್ಲ. ಪಟಾಕಿಯ ಸದ್ದಿಗೆ ಬೆಚ್ಚುತ್ತಾರೆ, ಸಣ್ಣ ಮಾತಿಗೆ ಸಿಟ್ಟಾಗುತ್ತಾರೆ, ಕ್ಯಾಂಟೀನಿನ ಬಾಟಲಿ ಸಂಜೆಯ ಸಂಗಾತಿಯಾಗುತ್ತದೆ. "ಮಿಲ್ಟ್ರಿಯವ್ರು ಕುಡಿಯೋದು ಇದ್ದದ್ದ" ಎಂದು ಊರು ಸುಮ್ಮನಾಗುತ್ತದೆ. ಹಾಗೆ ಸುಮ್ಮನಾಗಬಾರದು. ಗುಂಡೇಟಿನ ಗಾಯಕ್ಕೆ ಔಷಧ ಮಾಡಿದಂತೆ ಈ ಗಾಯಕ್ಕೂ ಔಷಧ ಮಾಡಿಸಬೇಕು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ದೂರವಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಸೈನಿಕರು ಮತ್ತು ಅವರ ಮನೆಯವರಿಗಾಗಿ 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಅದರದೇ ಪ್ರತ್ಯೇಕ ಘಟಕವನ್ನೂ ತೆರೆದಿದ್ದಾರೆ.

ಮದ್ದಿನಷ್ಟೇ ಮುಖ್ಯವಾದದ್ದು ಎರಡನೆಯ ಬದುಕಿಗೊಂದು ಗುರಿ. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರು ಹುಟ್ಟಿದ ಊರು. ಅವರು ದಂಡಿನ ನಾಯಕರಾಗಿದ್ದರು, ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು ಬದುಕಿ ಉಳಿದ ಮೇಲೆ ಆಯುಧ ಕೆಳಗಿಟ್ಟು ಹರಿದಾಸರಾದರು ಎಂಬುದು ನಮ್ಮ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದ ಚರಿತ್ರೆ. ನಾವು ಇಂದು ನೆನೆಯುವ ಕನಕರು ಆ ಎರಡನೆಯ ಬದುಕಿನ ಕನಕರು. ಎಲ್ಲರೂ ದಾಸರಾಗಬೇಕಿಲ್ಲ. ಹಿರೇಕೆರೂರಿನಲ್ಲಿ ಬೀಜೋತ್ಪಾದನೆ ಇದೆ, ಹಾನಗಲ್ಲಿನಲ್ಲಿ ಮಾವು, ಭತ್ತ ಇದೆ, ಸವಣೂರಿನಲ್ಲಿ ಎಲೆಬಳ್ಳಿ ಇದೆ, ಶಿಗ್ಗಾಂವಿಯ ಹೆದ್ದಾರಿಯಲ್ಲಿ ಸಾರಿಗೆ, ಗೋದಾಮು, ಕಾರ್ಖಾನೆಗಳ ಕೆಲಸ ಇದೆ. ರಾಜ್ಯ ಸರಕಾರದ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ನೂರಕ್ಕೆ 10 ಮೀಸಲಾತಿ ಇದೆ. ಎಸ್.ಎಸ್.ಎಲ್.ಸಿ. ಆಗಿ 15 ವರ್ಷ ಸೇವೆ ಮಾಡಿದವರಿಗೆ ಕೇಂದ್ರದ ಸಿ ದರ್ಜೆ ಹುದ್ದೆಗಳಿಗೆ ಪದವಿಗೆ ಸಮಾನವೆಂಬ ಪ್ರಮಾಣಪತ್ರವೂ ಸಿಗುತ್ತದೆ. ಮೂವತ್ತೆಂಟರ ದೇಹದಲ್ಲಿ ಇನ್ನೂ ಇಪ್ಪತ್ತು ವರ್ಷ ದುಡಿಯುವ ಕಸುವಿದೆ.

7. ತಾಲೂಕಿನಲ್ಲಿ ಮಾಡಬಹುದಾದದ್ದು

ಕೊನೆಯದಾಗಿ ಈ ಸಭೆಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ. ಇವಕ್ಕೆ ಹೊಸ ಕಾಯಿದೆ ಬೇಡ, ದೊಡ್ಡ ಹಣವೂ ಬೇಡ.

ಒಂದು, ನಾಲ್ಕೂ ತಾಲೂಕು ಕೇಂದ್ರಗಳಲ್ಲಿ ಪ್ರತಿ ನವೆಂಬರಿನಲ್ಲಿ ಒಂದು ದಿನ ಕಾಗದ ಪರಿಶೀಲನೆಯ ಶಿಬಿರ ನಡೆಯಲಿ. ಮಾಜಿ ಸೈನಿಕರ ಸಂಘ, ಅಂಚೆ ಇಲಾಖೆ, ಒಂದು ಬ್ಯಾಂಕು, ಸೈನಿಕ ಕಲ್ಯಾಣ ಇಲಾಖೆಯವರು ಒಂದೇ ಮೇಜಿನ ಸುತ್ತ ಕೂರಲಿ. ಡಿಗ್ರಿ ಕಾಲೇಜಿನ ವಿದ್ಯಾರ್ಥಿಗಳು ಸ್ಪರ್ಶ್ ತೆರೆದು ಹೆಸರು, ದಿನಾಂಕ ತಾಳೆ ನೋಡಲು ನೆರವಾಗಲಿ.

ಎರಡು, ಆ ಶಿಬಿರಕ್ಕೆ ಗಂಡ ಒಬ್ಬನೇ ಬರಬಾರದು. ಹೆಂಡತಿ ಜೊತೆಗಿರಲಿ. ಪಿ.ಪಿ.ಒ. ನಂಬರು, ಖಾತೆಯ ಸಂಖ್ಯೆ, ವಿಮೆಯ ವಿವರ, ರೆಕಾರ್ಡ್ ಆಫೀಸಿನ ವಿಳಾಸ ಇಷ್ಟನ್ನು ಆಕೆ ತನ್ನ ಕೈಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಬರೆಯಲು ಬಾರದವರಿಗೆ ಮಗಳು ಬರೆದುಕೊಡಲಿ.

ಮೂರು, ಅಗ್ನಿವೀರರ ಪಟ್ಟಿಯೊಂದು ಅವರವರ ಪ್ರೌಢಶಾಲೆಯಲ್ಲಿ ಇರಲಿ. ಅವರು ರಜೆಗೆ ಬಂದಾಗ ಓದು, ಕೌಶಲ್ಯ, ಸೇವಾ ನಿಧಿಯ ಬಳಕೆ ಇವುಗಳ ಬಗ್ಗೆ ಒಬ್ಬ ಮಾಜಿ ಸೈನಿಕ ಅವರೊಂದಿಗೆ ಕೂತು ಮಾತಾಡಲಿ. ತಾನು ಎಡವಿದ ಜಾಗ ತಮ್ಮನಿಗೆ ತೋರಿಸುವವನು ನಿಜವಾದ ಅಣ್ಣ.

ನಾಲ್ಕು, ಮೆರವಣಿಗೆ ಮಾಡಿದ ಊರು ಆರು ತಿಂಗಳ ನಂತರ ಅದೇ ಮನೆಗೆ ಒಮ್ಮೆ ಹೋಗಲಿ. ಮನೆಯಲ್ಲಿ ಹೇಗಿದ್ದೀರಿ, ಕೆಲಸ ಏನು ಮಾಡುತ್ತೀರಿ, ಆರೋಗ್ಯ ಹೇಗಿದೆ ಎಂದು ಕೇಳಲಿ. ಪಂಚಾಯತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಮಠದ ಸ್ವಾಮಿಗಳು, ಮಸೀದಿಯ ಹಿರಿಯರು ಯಾರು ಹೋದರೂ ಸರಿ.

ದತ್ತಿದಾನಿಗಳಲ್ಲಿ ಒಂದು ಬಿನ್ನಹ. ಈ ದತ್ತಿಯ ಬಡ್ಡಿಯಲ್ಲಿ ಮುಂದಿನ ವರ್ಷದಿಂದ ಅರ್ಧ ಭಾಗ ಉಪನ್ಯಾಸಕ್ಕೆ ಇರಲಿ, ಉಳಿದರ್ಧ ಇಂಥ ಒಂದು ಶಿಬಿರದ ಚಹಾ, ಊಟ, ಝೆರಾಕ್ಸ್ ಖರ್ಚಿಗೆ ಹೋಗಲಿ. ಮೊದಲ ಶಿಬಿರವನ್ನು ಹಾನಗಲ್ಲಿನಲ್ಲಿ ಬರುವ ನವೆಂಬರಿನಲ್ಲಿ ನಡೆಸೋಣ. ಅರ್ಜಿ ಬರೆದುಕೊಡುವ ಕೆಲಸಕ್ಕೆ ನಾನೂ ಬಂದು ಕೂರುತ್ತೇನೆ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಬರಲು ಇಷ್ಟವಿರುವವರು ಸಭೆ ಮುಗಿದ ಕೂಡಲೇ ನಿಮ್ಮ ಹೆಸರು ಕೊಡಿ.